ಕಾಶಿಗೆ ಹೊರಟ ಹಳೇ ಗೆಳೆಯರು: ನೀವು ಕೇಳಿದ್ದು, ನಾನು ಹೇಳೋದು

ಹಿಂದಿನ ಒಂದು ಸಂಚಿಕೆಯಲ್ಲಿ ನಮ್ಮ ಹಾಸ್ಟೆಲ್ ಗೆಳತಿಯರೆಲ್ಲ ಸೇರಿ ಕಾಶಿಗೆ ಹೋಗಿಬಂದ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ಮೂಟೆ ಬಂದಿದೆ. ಅತ್ತೆ-ಸೊಸೆ ಪ್ರಶ್ನೆಗಳು ಮುಂದಿನ ಸಲಕ್ಕಿರಲಿ, ಈ ಸಲ ಪೂರ್ತಿ ಕಾಶಿಯದ್ದೇ. ನಾನು ಸರ್ವಿಸ್ ಪೂರ್ತಿ ಭೂಗೋಳ ಪಾಠ ಮಾಡಿದವಳು. ಉತ್ತರದಲ್ಲಿ ನಡುನಡುವೆ ನಕಾಶೆ ಬಿಡಿಸಿಕೊಂಡರೆ ಸಹಿಸಿಕೊಳ್ಳಿ.

ಮೇಡಂ, ನಾವು ಐದು ಜನ, ಇಂಜಿನಿಯರಿಂಗ್ ಓದುವಾಗ ಒಂದೇ ಹಾಸ್ಟೆಲ್‌ನಲ್ಲಿ ಇದ್ದವರು. ಈಗ ಎಲ್ಲರಿಗೂ ಅರವತ್ತರ ಆಸುಪಾಸು. ನಾಲ್ಕು ದಿನ ಕಾಶಿಗೆ ಹೋಗೋಣ ಅಂತ ವಾಟ್ಸಾಪ್ ಗುಂಪು ಮಾಡಿದೆವು. ಟಿಕೆಟ್ ಬುಕ್ ಆಗುವ ಮೊದಲೇ ಜಗಳ ಶುರು. ಒಬ್ಬನಿಗೆ ದಿನಾ ವಿಶ್ವನಾಥನ ದರ್ಶನ ಆಗಬೇಕು, ಒಬ್ಬನಿಗೆ ಫೋಟೋ, ಇನ್ನೊಬ್ಬನಿಗೆ ಬರೀ ತಿನ್ನೋದು. ಪ್ಲಾನ್ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಹೇಗೆ ಹೊಂದಿಸಲಿ? — ನಿವೃತ್ತ ಇಂಜಿನಿಯರ್, ದಾವಣಗೆರೆ

ಹೊಂದಿಸೋಕೇ ಹೋಗಬೇಡಿ. ಐದು ಜನರ ಆಸೆಗಳನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿ, ಐದೂ ಜನರನ್ನು ಅದರ ಹಿಂದೆ ಓಡಿಸಿದರೆ ಎರಡನೇ ದಿನವೇ ಒಬ್ಬರು ಮುಖ ಊದಿಸಿಕೊಂಡು ರೂಮಿನಲ್ಲಿ ಮಲಗುತ್ತಾರೆ. ಹಾಸ್ಟೆಲ್‌ನಲ್ಲಿದ್ದಾಗ ಎಲ್ಲರಿಗೂ ಒಂದೇ ಹೊತ್ತಿಗೆ ಹಸಿವಾಗುತ್ತಿತ್ತು. ಈಗ ಒಬ್ಬರಿಗೆ ಶುಗರ್ ಮಾತ್ರೆ, ಒಬ್ಬರಿಗೆ ಮಧ್ಯಾಹ್ನದ ನಿದ್ದೆ, ಇನ್ನೊಬ್ಬರಿಗೆ ಮೊಮ್ಮಗಳ ವಿಡಿಯೋ ಕಾಲ್.

ನಮ್ಮ ಗುಂಪಿನಲ್ಲಿ ಒಂದೇ ನಿಯಮ ಇತ್ತು. ದಿನಕ್ಕೆ ಒಂದು ಕೆಲಸ ಎಲ್ಲರೂ ಸೇರಿ ಮಾಡೋದು. ಉಳಿದ ಹೊತ್ತು ಯಾರು ಎಲ್ಲಿಗೆ ಹೋದರೂ ಕೇಳೋ ಹಾಗಿಲ್ಲ. ರಾತ್ರಿ ಊಟಕ್ಕೆ ಮಾತ್ರ ಎಲ್ಲರೂ ಹಾಜರ್. ಇಡೀ ದಿನ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡಿದ್ದರೆ ರಾತ್ರಿ ಹೇಳೋಕೆ ಏನೂ ಇರುವುದಿಲ್ಲ. ಬೇರೆ ಬೇರೆ ಕಡೆ ಸುತ್ತಿ ಬಂದರೆ ಮಾತು ಮುಗಿಯುವುದಿಲ್ಲ.

ಮೊದಲ ದಿನ ಎಲ್ಲರೂ ಸೇರಿ ಮಾಡಬೇಕಾದದ್ದು ಬೆಳಗಿನ ದೋಣಿ. ಇದರಲ್ಲಿ ನಾನು ರಾಜಿ ಆಗಲ್ಲ. ಕತ್ತಲಿರುವಾಗಲೇ ಅಸ್ಸಿ ಘಾಟ್‌ಗೆ ಬನ್ನಿ. ಅಲ್ಲಿ 2014ರಿಂದ ‘ಸುಬಹ್-ಏ-ಬನಾರಸ್’ ಅಂತ ಬೆಳಗಿನ ಆರತಿ, ಸಂಗೀತ, ಯೋಗ ನಡೆಯುತ್ತದೆ. ಅದನ್ನು ನೋಡಿಕೊಂಡೇ ದೋಣಿ ಹತ್ತಬಹುದು. ಹತ್ತುವ ಮೊದಲು ಮೂರು ಮಾತು ಖಚಿತ ಮಾಡಿಕೊಳ್ಳಿ. ದರ ತಲೆಗೋ, ಇಡೀ ದೋಣಿಗೋ? ಎಷ್ಟು ಹೊತ್ತು? ಎಲ್ಲಿ ಇಳಿಸುತ್ತಾರೆ, ವಾಪಸ್ ತಂದು ಬಿಡುತ್ತಾರಾ? ಇಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಅಸ್ಸಿ ಇರೋದು ದಕ್ಷಿಣದ ತುದಿಯಲ್ಲಿ. ಹೋಗುವಾಗ ನೀರಿನ ಜೊತೆ, ಬರುವಾಗ ನೀರಿಗೆ ಎದುರಾಗಿ. ಹುಟ್ಟು ಹಾಕುವ ದೋಣಿಯಾದರೆ ದಶಾಶ್ವಮೇಧ ಘಾಟ್‌ನಲ್ಲಿ ಇಳಿದು, ಮೆಟ್ಟಿಲ ಮೇಲೇ ನಡೆದು ಬನ್ನಿ. ದೋಣಿಯವರ ರಟ್ಟೆಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಈಗ ಭೂಗೋಳ. ಘಾಟ್‌ಗಳೆಲ್ಲ ಒಂದೇ ದಡದಲ್ಲಿವೆ, ಎದುರು ದಡದಲ್ಲಿ ಬರೀ ಮರಳು. ಯಾಕೆ ಗೊತ್ತಾ? ನದಿ ಇಲ್ಲಿ ಅರ್ಧಚಂದ್ರದ ಹಾಗೆ ಬಾಗಿದೆ. ಬಾಗಿನ ಹೊರಗಡೆ ನೀರಿನ ಸೆಳೆತ ಜಾಸ್ತಿ, ದಡ ಎತ್ತರ. ಅಲ್ಲಿನ ನೆಲದಲ್ಲಿ ಸುಣ್ಣಕಲ್ಲಿನ ಗಂಟುಗಳು ಸೇರಿ ಗಟ್ಟಿಯಾಗಿರುವುದರಿಂದ ಕೊಚ್ಚಿಹೋಗದೆ ನಿಂತಿದೆ. ಊರು ಬೆಳೆದದ್ದು ಅದರ ಮೇಲೆ. ಬಾಗಿನ ಒಳಗಡೆ ನೀರು ನಿಧಾನ, ತಂದ ಮರಳನ್ನೆಲ್ಲ ಅಲ್ಲೇ ಬಿಡುತ್ತದೆ. ಮಳೆಗಾಲದಲ್ಲಿ ಮುಳುಗುವ ಆ ಕಡೆ ಯಾರು ಮನೆ ಕಟ್ಟುತ್ತಾರೆ? ಊರು ಪಶ್ಚಿಮ ದಡದಲ್ಲಿ, ಸೂರ್ಯ ಹುಟ್ಟೋದು ಎದುರಿನ ಖಾಲಿ ಮರಳಿನ ಮೇಲೆ. ದೋಣಿಯಲ್ಲಿ ಎಲ್ಲರೂ ಸೂರ್ಯನ ಕಡೆ ತಿರುಗಿ ಫೋನ್ ಎತ್ತುತ್ತಾರೆ. ನಿಮ್ಮ ಫೋಟೋದವರಿಗೆ ಹೇಳಿ, ಬೆನ್ನು ಸೂರ್ಯನಿಗೆ ಹಾಕಿ ಕೂರಲಿ. ಬೆಳಕು ಮೊದಲು ಅರಮನೆಗಳ ಮೇಲಿನ ಅಂತಸ್ತಿಗೆ ಬೀಳುತ್ತದೆ, ಆಮೇಲೆ ಕಿಟಕಿ, ಆಮೇಲೆ ಮೆಟ್ಟಿಲು, ಕೊನೆಗೆ ಸ್ನಾನಕ್ಕೆ ಇಳಿದವರ ಒದ್ದೆ ಬೆನ್ನು. ಕಲ್ಲಿನ ಬಣ್ಣ ಬೂದಿಯಿಂದ ಕೇಸರಿಗೆ ತಿರುಗೋದು ಕಣ್ಣೆದುರೇ ಕಾಣುತ್ತದೆ.

ದಾರಿಯಲ್ಲಿ ಕೋಟೆಯಂಥ ಎತ್ತರದ ಗೋಡೆ ಬರುತ್ತದೆ, ಅದು ಚೇತ್ ಸಿಂಗ್ ಘಾಟ್. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ಕಾಶಿ ರಾಜ ಚೇತ್ ಸಿಂಗ್‌ನನ್ನು ಅಲ್ಲೇ ಬಂಧನದಲ್ಲಿ ಇಟ್ಟಿದ್ದ. ರಾಜ ಪೇಟಗಳನ್ನು ಒಂದಕ್ಕೊಂದು ಗಂಟು ಹಾಕಿ ಕಿಟಕಿಯಿಂದ ಇಳಿದು ದೋಣಿ ಹತ್ತಿ ಪರಾರಿಯಾದ ಅಂತ ಹೇಳುತ್ತಾರೆ. ಹಾಸ್ಟೆಲ್ ಗೋಡೆ ಹಾರಿ ಸಿನಿಮಾಕ್ಕೆ ಹೋದವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರ ಕಥೆ ಅಲ್ಲಿ ಶುರುವಾಗುತ್ತದೆ. ನಮ್ಮ ಗುಂಪಿನಲ್ಲಿ ಆಯಿತು.

ಇನ್ನು ನಿಮ್ಮ ಭಕ್ತ ಗೆಳೆಯರ ವಿಷಯ. ವಿಶ್ವನಾಥನ ದರ್ಶನಕ್ಕೆ ಒಂದು ದಿನ ಎಲ್ಲರೂ ಹೋಗಿ, ಉಳಿದ ದಿನ ಅವರೊಬ್ಬರೇ ಹೋಗಲಿ. ಈಗಿರುವ ದೇವಸ್ಥಾನ 1780ರ ಹೊತ್ತಿಗೆ ಅಹಲ್ಯಾಬಾಯಿ ಹೋಳ್ಕರ್ ಕಟ್ಟಿಸಿದ್ದು. ಶಿಖರದ ಬಂಗಾರ ಮಹಾರಾಜ ರಣಜಿತ್ ಸಿಂಗ್ ಕೊಟ್ಟದ್ದು. 2021ರ ಡಿಸೆಂಬರ್‌ನಲ್ಲಿ ಹೊಸ ಕಾರಿಡಾರ್ ಉದ್ಘಾಟನೆ ಆದ ಮೇಲೆ ದೇವಸ್ಥಾನದಿಂದ ಗಂಗೆವರೆಗೆ ವಿಶಾಲ ಜಾಗ ಆಗಿದೆ. ಆದರೆ ಗರ್ಭಗುಡಿ ಚಿಕ್ಕದೇ. ಗಂಟೆಗಟ್ಟಲೆ ಕ್ಯೂ, ಕ್ಷಣಮಾತ್ರ ದರ್ಶನ. ಒಳಗೆ ಫೋನ್ ಬಿಡಲ್ಲ. ಇದರ ಫಜೀತಿ ಹೊರಗೆ ಬಂದ ಮೇಲೆ ಗೊತ್ತಾಗುತ್ತದೆ. ಐದು ಜನ ಐದು ಗೇಟಿನಲ್ಲಿ ಹೊರಬಿದ್ದರೆ, ಕೈಯಲ್ಲಿ ಫೋನ್ ಇಲ್ಲದೆ, ಆ ಗಲ್ಲಿಗಳಲ್ಲಿ ಯಾರನ್ನು ಎಲ್ಲಿ ಹುಡುಕ್ತೀರಿ? ಒಳಗೆ ಹೋಗುವ ಮೊದಲೇ ಸೇರುವ ಜಾಗ ಗೊತ್ತುಮಾಡಿಕೊಳ್ಳಿ. ಗೊದೌಲಿಯಾ ವೃತ್ತದ ನಂದಿ ಎಲ್ಲರಿಗೂ ಗೊತ್ತು, ಅಲ್ಲೇ ಸೇರಿ.

ತಿನ್ನುವವರ ಬಗ್ಗೆ ಚಿಂತೆ ಬೇಡ. ಬೆಳಿಗ್ಗೆ ಕಚೋರಿ-ಜಿಲೇಬಿ, ಮಧ್ಯಾಹ್ನ ಮಣ್ಣಿನ ಕುಡಿಕೆಯಲ್ಲಿ ಲಸ್ಸಿ, ಸಂಜೆ ಟೊಮ್ಯಾಟೊ ಚಾಟ್, ರಾತ್ರಿ ಪಾನ್. ಅವರನ್ನು ಬಿಟ್ಟುಬಿಡಿ, ನಾಲ್ಕು ದಿನ ಅವರಿಗೆ ಸಾಲಲ್ಲ.

ನನಗೆ ಮಂಡಿ ನೋವು. ಗೆಳತಿಯರು ಬಾ ಬಾ ಅಂತಾರೆ. ಕಾಶಿ ಅಂದರೆ ಬರೀ ಮೆಟ್ಟಿಲು ಅಂತ ಕೇಳಿದ್ದೇನೆ. ಹೋದರೆ ಅವರಿಗೆ ಹೊರೆ ಆಗಲ್ವಾ? — ಗೃಹಿಣಿ, ಶಿವಮೊಗ್ಗ

ಮೆಟ್ಟಿಲು ಇವೆ, ಎತ್ತರದವೇ. ಆದರೆ ಅಷ್ಟನ್ನೂ ಹತ್ತಿ ಇಳಿಯಬೇಕು ಅಂತ ಯಾರೂ ಹೇಳಿಲ್ಲ. ಎಂಬತ್ತಕ್ಕೂ ಹೆಚ್ಚು ಘಾಟ್‌ಗಳಿವೆ, ಒಂದರಲ್ಲಿ ಇಳಿದರೆ ಉಳಿದದ್ದನ್ನು ದೋಣಿಯಿಂದ ನೋಡಬಹುದು. ಅಸ್ಸಿಯ ಹತ್ತಿರದವರೆಗೂ ಆಟೋ ಬರುತ್ತದೆ, ಮೇಲೆ ಕೂರಲು ಅಗಲವಾದ ಜಾಗ ಇದೆ. ಅಲ್ಲಿ ರೂಮ್ ಹಿಡಿಯಿರಿ. ದಶಾಶ್ವಮೇಧದ ಕಡೆ ಸಂಜೆ ಹೊತ್ತು ಗಾಡಿಗಳನ್ನು ಗೊದೌಲಿಯಾದಲ್ಲೇ ತಡೆಯುತ್ತಾರೆ, ಮುಂದೆ ಜನರ ನೂಕಾಟದಲ್ಲಿ ನಡೆಯಬೇಕು. ಮಂಡಿಗೆ ಆ ನಡಿಗೆ ಮೆಟ್ಟಿಲಿಗಿಂತ ಕಷ್ಟ. ಸಂಜೆ ಆರತಿಯನ್ನು ದೋಣಿಯಲ್ಲೇ ಕೂತು ನೋಡಿ.

ಹೊರೆಯ ಮಾತು ಬಿಡಿ. ನಮ್ಮ ಗುಂಪಿನಲ್ಲೂ ಮಂಡಿಯವಳು ಒಬ್ಬಳಿದ್ದಳು. ಘಾಟಿನ ಮೇಲೆ ಚೀಲ ಕಾಯುತ್ತಾ ಕೂರುತ್ತಿದ್ದಳು. ನಾವು ಸುತ್ತಿ ಬರುವಷ್ಟರಲ್ಲಿ ಪಕ್ಕದ ಚಹಾದವನ ಮನೆತನದ ಕಥೆ, ಗಾಳಿಪಟ ಬಿಡುವ ಹುಡುಗರ ಹೆಸರು, ಯಾವ ದೋಣಿ ಯಾರದ್ದು, ಎಲ್ಲ ಅವಳಿಗೆ ಬಾಯಿಪಾಠ. ಊರು ನೋಡಿದವಳು ಅವಳೇ ಅಂತ ನಮಗೆ ಹೊಟ್ಟೆಕಿಚ್ಚು.

ನಮ್ಮ ಗುಂಪಿನ ಇಬ್ಬರು ಒಂದು ಸೈಟಿನ ವ್ಯವಹಾರದಲ್ಲಿ ಜಗಳ ಆಗಿ ವರ್ಷಗಟ್ಟಲೆ ಮಾತು ಬಿಟ್ಟಿದ್ದಾರೆ. ಇಬ್ಬರನ್ನೂ ಕರೆದುಕೊಂಡು ಹೋಗಿ ಗಂಗೆಯ ಮುಂದೆ ರಾಜಿ ಮಾಡಿಸೋಣ ಅಂತ ಉಳಿದವರ ಆಸೆ. ಸರಿಯಾ? — ವಕೀಲರು, ತುಮಕೂರು

ಬೇಡ ಸರ್. ಗಂಗೆಗೆ ಬೇರೆ ಕೆಲಸ ಇದೆ.

ಇಬ್ಬರಿಗೂ ಮೊದಲೇ ಹೇಳಿ, ಇನ್ನೊಬ್ಬರೂ ಬರುತ್ತಿದ್ದಾರೆ ಅಂತ. ಸ್ಟೇಷನ್ನಿನಲ್ಲಿ ದಿಢೀರ್ ಎದುರುಬದುರು ನಿಲ್ಲಿಸೋದು ಧಾರಾವಾಹಿಯಲ್ಲಿ ಚೆಂದ. ಬರ್ತೀನಿ ಅಂದರೆ ಬರಲಿ, ಇಲ್ಲ ಅಂದರೆ ಒತ್ತಾಯ ಬೇಡ. ರೂಮ್ ಬೇರೆ ಬೇರೆ ಕೊಡಿ, ದೋಣಿ ಒಂದೇ ಇರಲಿ. ಯಾರೂ ಭಾಷಣ ಮಾಡಬಾರದು. ‘ಎಷ್ಟು ದಿನ ಬದುಕ್ತೀವಿ, ಬಿಟ್ಟುಬಿಡ್ರೋ’ ಅನ್ನುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಚಿತೆಗಳು ಉರಿಯುವ ಮಣಿಕರ್ಣಿಕಾ ಘಾಟ್ ದಾಟುವಾಗ ಅವನಿಗೆ ಈ ಮಾತು ಬಂದೇ ಬರುತ್ತದೆ. ಅವನ ಬಾಯಿಗೆ ಮೊದಲೇ ಒಂದು ಪಾನ್ ಹಾಕಿ. ಆ ಇಬ್ಬರಲ್ಲಿ ಒಬ್ಬರಿಗೆ ಹಿಂದಿ ಚೆನ್ನಾಗಿ ಬಂದು, ಇನ್ನೊಬ್ಬರಿಗೆ ಚೌಕಾಸಿ ಚೆನ್ನಾಗಿ ಬರುವ ಹಾಗಿದ್ದರೆ, ದೋಣಿ ದರ ಮಾತಾಡೋಕೆ ಇಬ್ಬರನ್ನೇ ಕಳಿಸಿ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಮಾತಾಡುತ್ತಾರೆ. ಸೈಟಿನ ವಿಷಯ ಬಗೆಹರಿಯೋದು ಊರಿನ ಕಾಗದಪತ್ರಗಳಲ್ಲಿ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ನಾವು ನಾಲ್ವರು ಗೆಳತಿಯರು. ಒಬ್ಬಳ ಯಜಮಾನರು ಹೋದ ವರ್ಷ ತೀರಿಕೊಂಡರು. ಅವಳಿಗೆ ಮನಸ್ಸು ಹಗುರ ಆಗಲಿ ಅಂತಲೇ ಕಾಶಿಗೆ ಹೊರಟಿದ್ದೇವೆ. ಆದರೆ ಸುಡುವ ಘಾಟ್ ನೋಡಿದರೆ ಇನ್ನೂ ಕುಗ್ಗಿಹೋಗ್ತಾಳೇನೋ ಅಂತ ಭಯ. ಇನ್ನೊಬ್ಬಳಿಗೆ ಅದನ್ನೇ ವಿಡಿಯೋ ಮಾಡೋ ಹುಚ್ಚು. ಏನು ಮಾಡಲಿ? — ಶಿಕ್ಷಕಿ, ಹಾಸನ

ವಿಡಿಯೋದವಳಿಗೆ ಊರಿನಲ್ಲೇ ಖಂಡಿತವಾಗಿ ಹೇಳಿ, ಆಗಲ್ಲ ಅಂತ. ಅಲ್ಲಿ ಸುಡುತ್ತಿರೋದು ಯಾರದ್ದೋ ಅಪ್ಪ, ಯಾರದ್ದೋ ಅಮ್ಮ. ನಮ್ಮೂರಿನ ಸ್ಮಶಾನಕ್ಕೆ ಯಾರಾದರೂ ಕ್ಯಾಮೆರಾ ಹಿಡಿದು ಬಂದರೆ ಸುಮ್ಮನಿರ್ತೀವಾ?

ಇನ್ನೊಬ್ಬ ಗೆಳತಿಯ ವಿಷಯಕ್ಕೆ ನಕಾಶೆ ಬೇಕು. ಚಿತೆ ಉರಿಯೋದು ಎರಡು ಘಾಟ್‌ಗಳಲ್ಲಿ, ಹರಿಶ್ಚಂದ್ರ ಮತ್ತು ಮಣಿಕರ್ಣಿಕಾ. ಹೆಚ್ಚಿನವರಿಗೆ ಮಣಿಕರ್ಣಿಕಾ ಮಾತ್ರ ಗೊತ್ತು. ಅದು ದಶಾಶ್ವಮೇಧದ ಉತ್ತರಕ್ಕಿದೆ, ಅಲ್ಲಿಗೆ ಹೋಗದೇ ಇದ್ದರಾಯಿತು ಅಂದುಕೊಳ್ಳುತ್ತಾರೆ. ಆದರೆ ಅಸ್ಸಿಯಿಂದ ದೋಣಿ ಹತ್ತಿದರೆ ದಾರಿಯಲ್ಲೇ ಹರಿಶ್ಚಂದ್ರ ಬರುತ್ತದೆ. ಯಾರೂ ಹೇಳಿರದಿದ್ದರೆ, ಕೈಯಲ್ಲಿ ಚಹಾ ಹಿಡಿದು ನಗುತ್ತಾ ಕೂತವಳಿಗೆ ಇದ್ದಕ್ಕಿದ್ದ ಹಾಗೆ ಹೊಗೆ, ಕಟ್ಟಿಗೆಯ ರಾಶಿ, ಬಿಳಿ ಬಟ್ಟೆ ಎದುರಾಗುತ್ತದೆ. ಎರಡೂ ಬೇಡ ಅಂದರೆ ಕೇದಾರ ಘಾಟ್‌ನಿಂದ ದಶಾಶ್ವಮೇಧದವರೆಗೆ ಮಾತ್ರ ದೋಣಿ ಮಾಡಿಕೊಳ್ಳಿ. ಆ ನಡುವೆ ಚಿತೆಗಳಿಲ್ಲ. ಕೇದಾರದ ಕೆಂಪು-ಬಿಳಿ ಪಟ್ಟೆಯ ದೇವಸ್ಥಾನ, ದರ್ಭಂಗಾ ಅರಮನೆ ಎಲ್ಲ ಈ ದಾರಿಯಲ್ಲೇ ಸಿಗುತ್ತವೆ.

ಆದರೆ ಅವಳ ಪರವಾಗಿ ನೀವೇ ತೀರ್ಮಾನ ಮಾಡಬೇಡಿ. ಕೇಳಿ. ಕಾಶಿಗೆ ಅಂತ ಹೊರಟವಳು ಅದನ್ನು ಯೋಚಿಸಿರೋದಿಲ್ಲ ಅಂತ ಯಾಕೆ ಅಂದುಕೊಳ್ತೀರಿ? ಪಿಂಡಪ್ರದಾನ ಮಾಡಿಸೋ ಮನಸ್ಸಿರಬಹುದು, ಒಂದರ್ಧ ಗಂಟೆ ಒಬ್ಬಳೇ ಕೂರಬೇಕು ಅನ್ನಿಸಿರಬಹುದು. ಕೂರ್ತೀನಿ ಅಂದರೆ ಒಬ್ಬರು ಸ್ವಲ್ಪ ದೂರದಲ್ಲಿ ಇರಿ, ಸಮಾಧಾನದ ಮಾತು ಬೇಡ. ಮಣಿಕರ್ಣಿಕಾದ ಹತ್ತಿರ ‘ಬಡವರ ಶವಕ್ಕೆ ಕಟ್ಟಿಗೆ ದಾನ ಕೊಡಿ’ ಅಂತ ಬೆನ್ನು ಹತ್ತುವವರಿದ್ದಾರೆ. ದುಃಖದಲ್ಲಿರುವವರನ್ನು ಅವರು ಬಹಳ ಬೇಗ ಗುರುತಿಸುತ್ತಾರೆ. ದುಡ್ಡು ಕೊಡಬೇಡಿ, ವಾದಕ್ಕೂ ನಿಲ್ಲಬೇಡಿ.

ಇರೋದೇ ಮೂರು ದಿನ. ಸಾರನಾಥಕ್ಕೆ ಹೋಗಲೇಬೇಕಾ? — ಅಂಗಡಿ ಮಾಲೀಕರು, ಬಳ್ಳಾರಿ

ಹೋಗಲೇಬೇಕು. ಬುದ್ಧ ಮೊದಲ ಉಪದೇಶ ಮಾಡಿದ ಜಾಗ. ಊರಿನಿಂದ ಸುಮಾರು ಹತ್ತು ಕಿಲೋಮೀಟರ್, ಅರ್ಧ ದಿನ ಸಾಕು. ಆದರೆ ಶುಕ್ರವಾರ ಹೋಗಬೇಡಿ, ಮ್ಯೂಸಿಯಂಗೆ ರಜೆ. ಮ್ಯೂಸಿಯಂ ಇಲ್ಲದ ಸಾರನಾಥ ಅರ್ಧವೇ.

ನಿಮ್ಮ ಗಲ್ಲಾಪೆಟ್ಟಿಗೆಯ ನಾಣ್ಯದ ಮೇಲಿರುವ ಸಿಂಹಗಳ ಮೂಲ ಅಲ್ಲಿದೆ. ಅಶೋಕನ ಸ್ತಂಭದ ತಲೆ. ಚುನಾರಿನ ಮರಳುಗಲ್ಲು, ಎರಡು ಮೀಟರಿಗಿಂತ ಎತ್ತರ. ಇಷ್ಟು ಶತಮಾನ ಆದರೂ ಹೊಳಪು ಹೋಗಿಲ್ಲ. ಮುಂದೆ ನಿಂತು ಒಂದು ಫೋಟೋ ತೆಗೆದು ಹೊರಟುಹೋಗುತ್ತಾರೆ ಜನ. ನೀವು ಸುತ್ತ ಬನ್ನಿ. ನಾಣ್ಯದಲ್ಲಿ ಮೂರು ಸಿಂಹ ಮಾತ್ರ, ಇಲ್ಲಿ ನಾಲ್ಕನೆಯದೂ ಸಿಗುತ್ತದೆ. ಅವುಗಳ ಕಾಲ ಕೆಳಗಿನ ದುಂಡು ಪಟ್ಟಿಯಲ್ಲಿ ಆನೆ, ಗೂಳಿ, ಕುದುರೆ, ಇನ್ನೊಂದು ಸಿಂಹ ಇವೆ, ನಡುನಡುವೆ ಚಕ್ರಗಳು. ಕುದುರೆ ಓಡುತ್ತಿದೆ, ಗೂಳಿ ಭಾರವಾಗಿ ಹೆಜ್ಜೆ ಇಡುತ್ತಿದೆ. ಕಾಲುಗಳನ್ನು ನೋಡಿದರೆ ಸಾಕು, ಪ್ರಾಣಿ ಯಾವುದು ಅಂತ ಹೇಳಬಹುದು. ಅದರ ಕೆಳಗೆ ಕವುಚಿದ ತಾವರೆ ಇದೆ, 1950ರ ಜನವರಿ 26ರಂದು ರಾಷ್ಟ್ರಲಾಂಛನ ಮಾಡಿಕೊಂಡಾಗ ಆ ತಾವರೆಯನ್ನು ಬಿಟ್ಟರು. 1905ರ ಉತ್ಖನನದಲ್ಲಿ ಸಿಕ್ಕಿದ್ದು ಇದು. ಹೊರಗೆ ಅದೇ ಸ್ತಂಭದ ಮುರಿದ ಬುಡ ಇನ್ನೂ ನಿಂತಿದೆ, ಬ್ರಾಹ್ಮೀ ಅಕ್ಷರಗಳ ಜೊತೆ.

ಬಳ್ಳಾರಿಯವರು ಅಂತ ಒಂದು ಮಾತು ಜಾಸ್ತಿ ಹೇಳ್ತೀನಿ. ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಅಂತ ಕರೆದುಕೊಂಡ ರಾಜ ಅಶೋಕನೇ ಅಂತ ಗಟ್ಟಿ ಆದದ್ದು 1915ರಲ್ಲಿ ನಿಮ್ಮ ಪಕ್ಕದ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ. ಅದರಲ್ಲಿ ಅವನ ಹೆಸರೇ ಇದೆ. ಮಸ್ಕಿ ನೋಡದೆ ಸಾರನಾಥಕ್ಕೆ ಹೋಗುವವರು ನಮ್ಮಲ್ಲಿ ಬಹಳ.

ನಾಲ್ಕು ಜನ ಹೆಂಗಸರೇ ಹೋಗಬಹುದಾ? ಮನೆಯಲ್ಲಿ ಬೇಡ ಅಂತಾರೆ. — ಮೈಸೂರು

ಹೋಗಬಹುದು. ಕತ್ತಲಾದ ಮೇಲೆ ಖಾಲಿ ಗಲ್ಲಿ, ಖಾಲಿ ಘಾಟ್ ಬೇಡ. ಗೊತ್ತಿಲ್ಲದ ಗೈಡ್ ಬೇಡ. ಭಾಂಗ್ ಹಾಕಿದ ಠಂಡಾಯಿ ಅಂತೂ ಬೇಡವೇ ಬೇಡ. ‘ಕಾಶಿಯಾತ್ರೆ’ ಅಂತ ಮದುವೆ ಮಂಟಪದಿಂದ ಕೊಡೆ-ಕೋಲು ಹಿಡಿದು ಹೊರಟು, ನಾಲ್ಕು ಹೆಜ್ಜೆಗೆ ವಾಪಸ್ ಬಂದವರು ಈಗ ನಿಮಗೆ ಬೇಡ ಅಂತಿದ್ದಾರಾ?

ನಮ್ಮಲ್ಲಿ ಮೂವರು ಅನುಕೂಲಸ್ಥರು, ಒಬ್ಬನಿಗೆ ಪೆನ್ಷನ್ನೂ ಇಲ್ಲ. ಅವನ ಖರ್ಚು ನಾವೇ ಹಾಕಿಕೊಳ್ತೀವಿ ಅಂದರೆ ಬರಲ್ಲ ಅಂತಾನೆ. — ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ

ಬರಲ್ಲ ಅಂದದ್ದು ಸರಿ. ನಾನಾಗಿದ್ದರೂ ಬರುತ್ತಿರಲಿಲ್ಲ.

ಅವರ ಖರ್ಚು ನೀವು ಹಾಕಿಕೊಳ್ಳೋದು ಬೇಡ, ನಿಮ್ಮ ಖರ್ಚು ಇಳಿಸಿ. ನದಿ ನೋಡುವ ಬಾಲ್ಕನಿಯ ದುಬಾರಿ ಹೋಟೆಲ್ ಬಿಡಿ. ಕನ್ನಡಿಗರಿಗೆ ಕಾಶಿಯಲ್ಲಿ ಜಾಗಕ್ಕೆ ಕೊರತೆ ಇಲ್ಲ. ಗೊದೌಲಿಯಾ ಹತ್ತಿರ ಜಂಗಮವಾಡಿ ಮಠ ಇದೆ, ವೀರಶೈವ ಪಂಚಪೀಠಗಳಲ್ಲಿ ಒಂದು. ಹನುಮಾನ್ ಘಾಟ್ ಪಕ್ಕದಲ್ಲಿ ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್, ಅಲ್ಲಿ ರಾಜ್ಯದ ಛತ್ರ. ಮೊದಲೇ ಫೋನ್ ಮಾಡಿ ಜಾಗ ಕೇಳಿಕೊಳ್ಳಿ. ವಿಮಾನ ಬಿಟ್ಟು ರೈಲು ಹತ್ತಿ. ಎರಡು ದಿನದ ಪ್ರಯಾಣ ಅಂತ ಮುಖ ಸಿಂಡರಿಸಬೇಡಿ. ಹಳೇ ಗೆಳೆಯರ ಜೊತೆ ಕಿಟಕಿ ಪಕ್ಕ ಇಸ್ಪೀಟು ಹಾಕಿಕೊಂಡು ಕೂತ ಎರಡು ದಿನ ಅಂದರೆ ಅರ್ಧ ಪ್ರವಾಸ ಅಲ್ಲೇ ಆಯಿತು.

ಹೊರಡುವ ದಿನ ಎಲ್ಲರೂ ಒಂದೇ ಮೊತ್ತ ಹಾಕಿ ಒಂದು ಪರ್ಸ್ ಮಾಡಿ. ಆ ಮೊತ್ತವನ್ನು ಅವರೇ ಹೇಳಲಿ. ಪರ್ಸೂ ಅವರ ಕೈಯಲ್ಲೇ ಇರಲಿ. ದೋಣಿ, ಆಟೋ, ಊಟ, ಚಹಾ ಎಲ್ಲ ಅದರಿಂದಲೇ. ಸೀರೆ, ಶಾಲು, ಮೊಮ್ಮಕ್ಕಳ ಆಟದ ಸಾಮಾನು ಅವರವರ ಜೇಬಿನಿಂದ. ಸೀರೆ ಅಂಗಡಿಗೆ ನಾಲ್ವರೂ ಒಟ್ಟಿಗೆ ಹೋಗಲೇಬೇಡಿ. ಒಬ್ಬರು ಮೂವತ್ತು ಸಾವಿರದ ಬನಾರಸಿ ಬಿಚ್ಚಿಸುತ್ತಾ ಕೂತರೆ ಪಕ್ಕದವರು ಎಲ್ಲಿ ನೋಡಬೇಕು? ಆ ಹೊತ್ತಿಗೆ ಇಬ್ಬರು ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ ಬನ್ನಿ. 1916ರಲ್ಲಿ ಮಾಳವೀಯರು ಕಟ್ಟಿದ ಅದರ ಮೊದಲ ಕುಲಾಧಿಪತಿ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರ್. ಒಳಗೆ ಮರಗಳ ನೆರಳಲ್ಲಿ ನಡೆಯೋಕೆ ದುಡ್ಡು ಬೇಡ.

ಯಾವ ತಿಂಗಳು ಒಳ್ಳೆಯದು? — ಹಲವರು

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲವರೆಗೆ. ಮಳೆಗಾಲದಲ್ಲಿ ಗಂಗೆ ಏರಿ ಮೆಟ್ಟಿಲುಗಳೇ ಮುಳುಗುತ್ತವೆ, ದೋಣಿ ನಿಲ್ಲಿಸುತ್ತಾರೆ, ಆರತಿ ಮೇಲಕ್ಕೆ ಹೋಗುತ್ತದೆ. ಕಾರ್ತಿಕ ಹುಣ್ಣಿಮೆಯ ದೇವ ದೀಪಾವಳಿಗೆ ಘಾಟ್‌ಗಳೆಲ್ಲ ಹಣತೆ, ನೋಡೋಕೆ ಚೆಂದ, ಆದರೆ ಕಾಲಿಡೋಕೆ ಜಾಗ ಇರಲ್ಲ. ಮಂಡಿಯವರಿಗೆ ಅದು ಬೇಡ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಕವಿದು ರೈಲು, ವಿಮಾನ ತಡ ಆಗುತ್ತವೆ, ವಾಪಸ್ ಬರುವ ದಿನಕ್ಕೆ ಮುಖ್ಯ ಕೆಲಸ ಏನೂ ಇಟ್ಟುಕೊಳ್ಳಬೇಡಿ. ಆದರೆ ಚಳಿಗಾಲದಲ್ಲಿ ಮಾತ್ರ ಮಲೈಯೋ ಸಿಗುತ್ತದೆ. ಹಾಲಿನ ನೊರೆ, ಕೇಸರಿ, ಮೇಲೆ ಪಿಸ್ತಾ. ಬಾಯಿಗಿಟ್ಟರೆ ಏನೂ ಇಟ್ಟಿಲ್ಲವೇನೋ ಅನ್ನಿಸಿ ಬರೀ ರುಚಿ ಉಳಿಯುತ್ತದೆ. ಬಿಸಿಲೇರಿದರೆ ನೊರೆ ಇಳಿದುಹೋಗುತ್ತದೆ. ಬೆಳಗಿನ ದೋಣಿ ಇಳಿದವರು ನೇರ ಅಲ್ಲಿಗೇ ಹೋಗಿ. ಶುಗರ್ ಇರುವವರಿಗೆ ಅರ್ಧ ಕುಡಿಕೆ, ಉಳಿದರ್ಧ ಪಕ್ಕದವರಿಗೆ.